ಟವಲಿನ ಕೆಳಗೆ

ಅರಸೀಕೆರೆಯ ದನದ ಸಂತೆಯಲ್ಲಿ ನಮ್ಮ ಚಿಕ್ಕಪ್ಪ
ಬಾಯಿಬಿಟ್ಟು ದರ ಹೇಳಿದ್ದನ್ನು ನಾನು ಕೇಳಿಲ್ಲ.
ಹೆಗಲ ಟವಲು ಕೈಮೇಲೆ ಇಳಿಯುತ್ತಿತ್ತು,
ಅದರಡಿ ಎರಡು ಕೈ, ಹಿಡಿದ ಬೆರಳೆಷ್ಟೋ ಅಷ್ಟು ಸಾವಿರ.
ಮೇಲೆ ಮುಖಗಳೆರಡೂ ಬೀಗರ ಆರೋಗ್ಯ ವಿಚಾರಿಸುತ್ತಿದ್ದವು.
ವ್ಯಾಪಾರ ಕುದುರಿದರೆ ಟವಲು ಕೊಡವಿ ಮತ್ತೆ ಹೆಗಲಿಗೆ.

ಅದು ನೆನಪಾದದ್ದು ಮೊನ್ನೆ, ಕೊಬ್ಬರಿ ಮಂಡಿಯ ಮಹಡಿ ಮೇಲಿನ
ನನ್ನ ರಿಪೇರಿ ಅಂಗಡಿಯಲ್ಲಿ, ರಾತ್ರಿ ಒಂಬತ್ತೂವರೆಗೆ.
ಮುಬೀನಾ ಎದುರಿಗೆ ಕೂತು
ಆರು ಕೀಲಿಗಳ ಮೇಲೆ ಆರು ಬೆರಳಿಟ್ಟಿದ್ದಳು.

ತಾಲ್ಲೂಕು ಆಸ್ಪತ್ರೆಯ ಫೋನು ಅವಳದು.
ಕರೆದವರ ಹೆಸರು, ಊರು, ಯಾವ ವಾರ್ಡು,
ಎಲ್ಲ ದಪ್ಪ ಹಾಳೆಯಲ್ಲಿ ಚುಚ್ಚಿ ಚುಚ್ಚಿ ಬರೆದಿಡುತ್ತಾಳೆ;
ಅದನ್ನು ಓದಬಲ್ಲವರು ಆಸ್ಪತ್ರೆಯಲ್ಲಿ ಇನ್ನೊಬ್ಬರಿಲ್ಲ.
'ಕಂಪ್ಯೂಟರಿಗೆ ಕಲಿಸಿಕೊಡಿ' ಅಂತ ಬಂದಳು,
ಕೀಬೋರ್ಡನ್ನು ತಾನೇ ಚೀಲದಲ್ಲಿ ಹೊತ್ತು.

ಅವಳ 'ಮ' ಅಂದರೆ ಮೂರು ಬೆರಳು ಒಟ್ಟಿಗೆ,
ಒಂದು, ಮೂರು, ನಾಲ್ಕನೆಯ ಚುಕ್ಕಿ.
ಯಂತ್ರ ಅದನ್ನು ಬಿಡಿಸಿ ಎಫ್, ಎಸ್, ಜೆ ಅಂದಿತು,
ಒತ್ತಿ ಹಿಡಿದರೆ ಜೆ ಜೆ ಜೆ ಜೆ ಅಂತ ತೊದಲಿತು.
ಬೆರಳಿಗೂ ಅಕ್ಷರಕ್ಕೂ ನಡುವೆ ಕೂತವರು ಬಹಳ ಜನ:
ಎಣಿಸುವವನೊಬ್ಬ, ತಿದ್ದುವವನೊಬ್ಬ,
ಇಂಗ್ಲಿಷೋ ಕನ್ನಡವೋ ಎಂದು ವಿಂಗಡಿಸುವ ಮತ್ತೊಬ್ಬ.
ದಲಾಳಿಗಳೇ ಎಲ್ಲ.
ನಾನು ಅವರ ಟವಲಿನ ಕೆಳಗೆ ಕೈ ಹಾಕಬೇಕಿತ್ತು.

ಬಾಗಿಲೊಂದಿದೆ, ಫೈಲಿನ ವೇಷದಲ್ಲಿ.
ತಟ್ಟಿದರೆ 'ಅನುಮತಿ ಇಲ್ಲ', ಒಂದೇ ಸಾಲು.
ಸರಿಯೇ ಅದು. ತೆರೆದವನಿಗೆ ಸಕಲವೂ ಕೇಳಿಸುತ್ತದೆ:
ಬರೆದು ಅಳಿಸಿದ್ದು, ಪಾಸ್‌ವರ್ಡು,
ಯಾವ ಪದದ ಮುಂದೆ ಬೆರಳು ತಡೆದು ನಿಂತಿತು ಅನ್ನುವುದೂ.
ನಾನು ಕೈ ಹಿಂದಕ್ಕೆಳೆದು ಅವಳಿಗೆ ಇದನ್ನು ಹೇಳಿದೆ.

ನಕ್ಕಳು. 'ಅಣ್ಣಾ, ನನ್ನ ಹತ್ತನೇ ಕ್ಲಾಸಿನ ಪರೀಕ್ಷೆ ಬರೆದೋಳು ಇನ್ನೊಬ್ಬಳು.
ಬ್ಯಾಂಕಿನ ಗುಟ್ಟು ನಂಬರು ಒತ್ತಿದ್ದು ಅಲ್ಲಿನ ಪ್ಯೂನು.
ಬಂದ ಒಂದೇ ಒಂದು ಪ್ರೇಮಪತ್ರ ಓದಿದ್ದು ನಮ್ಮಕ್ಕ,
ಎರಡು ಸಾಲು ನುಂಗಿಕೊಂಡು.
ನೀವಾದ್ರೂ ಕೇಳಿದ್ರಿ.
ತೆಗೀರಿ. ಆಮೇಲೆ ಮುಚ್ಚೋದು ಹೇಗೆ ಅಂತ ನಂಗೂ ಹೇಳಿಕೊಡಿ.'

ಹುಬ್ಬಳ್ಳಿ ಕಡೆಯ ರೈಲು ಬಂತು. ಮೇಜಿನ ಸ್ಕ್ರೂಗಳು ನಡುಗಿದವು.
ಪರದೆಯ ಮೇಲೆ ಎಂಟೆಂಟು ಅಂಕಿಯ ಸಾಲು ಇಳಿಯತೊಡಗಿತು.
ಮೊದಲನೆಯದು ಶಿಫ್ಟು, ಕಂಟ್ರೋಲುಗಳದು.
ಎರಡನೆಯದು ಸದಾ ಸೊನ್ನೆ,
ಯಾರಿಗೋ ಕಾಯ್ದಿರಿಸಿ ಅವರು ಬಾರದೇ ಹೋದ ಕುರ್ಚಿ.
ಉಳಿದದ್ದು ಆರು ಮನೆ.
ಆರೇ. ಅವಳ ಚುಕ್ಕಿಗಳೂ ಆರೇ.
ಎಲ್ಲೋ ಕೂತು ಯಾರೋ ಈ ಲೆಕ್ಕ ಹಾಕಿದ ದಿನ
ಅವರ ಮನಸ್ಸಿನಲ್ಲಿ ಅವಳಿರಲಿಲ್ಲ, ಆದರೂ.

ಒಂಬತ್ತು, ಇಪ್ಪತ್ತೆರಡು, ಹದಿಮೂರು.
ಇನ್ನೂ ಯಾವ ಭಾಷೆಗೂ ಸೇರದ
ಮೂರು ಬೆರಳಿನ ಭಾರ.
ಹೆಬ್ಬೆರಳೂ ಕೂಡಿ ಏಳಾದರೆ ಆರೂ ಮನೆಯಲ್ಲಿ ಒಂದು, ಒಂದು, ಒಂದು;
ತಬ್ಬಿಬ್ಬಾದೆ ಎನ್ನಲು ಅದಕ್ಕಿರುವ ಮಾತು ಅಷ್ಟೇ.
ಎಲ್ಲ ಬೆರಳೂ ಎತ್ತಿದಾಗ ಎಂಟು ಸೊನ್ನೆ.
ಆ ಸೊನ್ನೆಗೇ ನಾನು ಕಾಯಬೇಕಿತ್ತು.
ಬಿಟ್ಟಾಗಲೇ ಅಕ್ಷರ ಮುಗಿಯುವುದು
ಅಂತ ತಿಳಿಯಲು ನನಗೆ ಮೂರು ರಾತ್ರಿ ಹಿಡಿಯಿತು;
ಅವಳಿಗೆ ಏಳನೇ ವಯಸ್ಸಿಗೇ ಗೊತ್ತು.

ಶನಿವಾರ ಅವಳ ಹೆಸರು ಬಂತು, ಆರು ಒತ್ತಿನಲ್ಲಿ.
ಯಂತ್ರ ಅದನ್ನು ಗಂಡುದನಿಯಲ್ಲಿ ಕೂಗಿತು, 'ಬೀ' ಸ್ವಲ್ಪ ಎಳೆದು.
'ಈಗ ಆ ಅಂಕಿ ಕಾಣೋ ಕಿಟಕಿ ಮುಚ್ಚಿ.'
ಮುಚ್ಚಿದೆ.
'ನಿಜವಾಗ್ಲೂ?'
ಮೌಸನ್ನು ಅವಳ ಕೈಗೇ ಕೊಟ್ಟೆ.

ಸ್ಪೀಕರಿನ ತಂತಿ ಕಿತ್ತು ಹೆಡ್‌ಫೋನು ಸಿಕ್ಕಿಸಿಕೊಂಡಳು,
ಬಹಳ ಹೊತ್ತು ಬರೆದಳು.
ಕೆಳಗೆ ಮಂಡಿಯಲ್ಲಿ ಯಾರೋ ಮೂಟೆ ಬಿಚ್ಚಿ ಕೊಬ್ಬರಿ ಸುರಿಯುತ್ತಿದ್ದರು.
ಒಮ್ಮೆ ಆರೂ ಕೀಲಿ ನಿಂತವು, ಮತ್ತೆ ಶುರುವಾದವು.
ನಾನು ಟೀ ತರಲು ಎದ್ದೆ.